ಮಾಯುವ ಗಾಯದ ತುರಿಕೆ

ಕೊಯ್ಲಿನಲ್ಲಿ ಕುಡುಗೋಲು ತಗಲಿದ ಗಾಯವು ಮಾಯತೊಡಗಿದಾಗ ನೋವು ತಗ್ಗಿ ತುರಿಕೆ ಏಳುವದನ್ನು ನಾವೆಲ್ಲರೂ ಬಲ್ಲೆವು. ಇದಕ್ಕೆ ಕಾರಣವೇನು? ಗಾಯವಾದ ಸ್ಥಳದಲ್ಲಿ ಚರ್ಮದ ಕೆಲವು ಜೀವಕಣಗಳು ಹಿಸ್ಟಮೈನ್ ಎಂಬ ದ್ರವ್ಯವನ್ನು ಹೊರಬಿಡುತ್ತವೆ. ಅದು ರಕ್ತನಾಳಗಳನ್ನು ಹಿಗ್ಗಿಸಿ, ತುರಿಕೆಯನ್ನು ತಿಳಿಸುವ ನರಗಳನ್ನು ಕೆರಳಿಸುತ್ತದೆ. ಹೊಸ ಚರ್ಮವು ಒಣಗಿ ಬಿಗಿಯುವದರಿಂದಲೂ, ತುಂಡಾದ ನರಗಳು ತಿರಿಗಿ ಬೆಳೆಯುವದರಿಂದಲೂ ತುರಿಕೆ ಹೆಚ್ಚುವದು. ಆದಕಾರಣ ಅಲ್ಪ ತುರಿಕೆಗೆ ಹೆದರಬೇಕಾಗಿಲ್ಲ.

ಆದರೂ ಕೆರೆಯಬಾರದು. ಯಾಕಂದರೆ ಹಕ್ಕಳೆಯನ್ನು ಕಿತ್ತರೆ ಅದರಡಿಯ ಎಳೆಯ ಚರ್ಮವು ಹರಿಯುವದು. ಉಗುರಿನ ಕೊಳೆಯೊಡನೆ ರೋಗಾಣುಗಳು ಒಳಸೇರುವವು. ತುರಿಕೆ ಅಡಗಲೆಂದು ಕೆಲವರು ಸಗಣಿಯನ್ನಾಗಲಿ ಮಣ್ಣನ್ನಾಗಲಿ ಮೆತ್ತುತ್ತಾರೆ. ಇದು ಪ್ರಾಣಕ್ಕೇ ಅಪಾಯ. ಧನುರ್ವಾಯುವಿನ ರೋಗಾಣುಗಳು ಅವುಗಳಲ್ಲಿಯೇ ಇರುತ್ತವೆ.

ಹಾಗಾದರೆ ಮಾಡತಕ್ಕದ್ದೇನು? ಉಗುರುಗಳನ್ನು ಕತ್ತರಿಸಿರಿ. ಕುದಿಸಿ ಆರಿಸಿದ ನೀರಿನಲ್ಲಿ ಶುದ್ಧವಾದ ಬಟ್ಟೆಯನ್ನು ಅದ್ದಿ ಹಿಂಡಿ, ಗಾಯದ ಸುತ್ತಲೂ ಮೆಲ್ಲಗೆ ಒತ್ತಿರಿ. ಗಾಯವು ಪೂರ್ತಿಯಾಗಿ ಮುಚ್ಚಿದ ಮೇಲೆ ತುಸು ವ್ಯಾಸಲೀನ್ ಸವರಬಹುದು. ಕೆಂಪು, ಬಾವು, ಬಿಸಿ ಹೆಚ್ಚಿದರೂ ಕೀವು ಇಲ್ಲವೆ ಜ್ವರ ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಕುಡುಗೋಲು ಮಾಡಿದ ಗಾಯವನ್ನು ನಮ್ಮ ಉಗುರುಗಳು ದೊಡ್ಡದು ಮಾಡದಿರಲಿ.