ಮನೆಯಲ್ಲಿ ಧ್ವನಿಮುದ್ರಣ: ಯಾವ ತಂತ್ರಾಂಶ ಯಾರಿಗೆ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸಂಗೀತ ಕಲಿಯುವ ಮಕ್ಕಳಿಲ್ಲದ ಬೀದಿ ಅಪರೂಪ. 1905ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನ ಸಮಾಜವೂ, 1939ರಿಂದ ಚಾಮರಾಜಪೇಟೆಯಲ್ಲಿ ರಾಮನವಮಿಯ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿರುವ ಶ್ರೀ ರಾಮಸೇವಾ ಮಂಡಳಿಯೂ ಇಲ್ಲಿನವರ ಕಿವಿಯನ್ನು ಹದಗೊಳಿಸಿವೆ. ಇಂದಿನ ವಿದ್ಯಾರ್ಥಿಗಳಾದರೋ ಕೇಳಿ ಸುಮ್ಮನಾಗುವವರಲ್ಲ. ಹಾಡಿದ್ದನ್ನು ಮುದ್ರಿಸಿ, ತಿದ್ದಿ, ನಾಲ್ವರಿಗೆ ಕೇಳಿಸಬೇಕೆಂಬ ಹಂಬಲವುಳ್ಳವರು. ಇದಕ್ಕೆ ಹಿಂದೆ ಸ್ಟುಡಿಯೋ ಬೇಕಾಗಿತ್ತು. ಈಗ ಒಂದು ಮೈಕೂ ಒಂದು ಗಣಕಯಂತ್ರವೂ ಸಾಕು. ಆದರೆ ಅದರೊಳಗೆ ಯಾವ ತಂತ್ರಾಂಶವಿರಬೇಕು? ತಪ್ಪಾಗಿ ಆರಿಸಿದರೆ ಮನೆಯವರ ಹಣ ವ್ಯರ್ಥವಾಗುವುದು ಮಾತ್ರವಲ್ಲ, ಹಾಡಿನ ಗಮಕವೂ ಕೆಟ್ಟೀತು.

ಮೊದಲು ಈ ತಂತ್ರಾಂಶಗಳು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಮೈಕಿನಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 24 ಬಿಟ್‌ಗಳ, ಅಂದರೆ 3 ಬೈಟ್‌ಗಳ, ಸಂಖ್ಯೆಯಾಗಿ ಬರೆದಿಡುವುದು ರೂಢಿ. ಹೀಗೆ ಸೆಕೆಂಡಿಗೆ 1,32,300 ಬೈಟ್‌ಗಳಾದವು. ಒಂದು ಗಂಟೆಗೆ ಸುಮಾರು 476 ಮೆಗಾಬೈಟ್‌ಗಳು. ಗಾಯನಕ್ಕೊಂದು, ಪಿಟೀಲಿಗೊಂದು, ಮೃದಂಗದ ಎರಡು ಮುಖಗಳಿಗೆ ಎರಡು ಎಂದು ನಾಲ್ಕು ಟ್ರ್ಯಾಕುಗಳನ್ನು ಮುದ್ರಿಸಿದರೆ ಗಂಟೆಗೆ ಹತ್ತಿರಹತ್ತಿರ 1.9 ಗಿಗಾಬೈಟ್. ಈ ಅಳೆಯುವ ಕೆಲಸ ನಡೆಯುವುದು ಯಂತ್ರಭಾಗದಲ್ಲಿ, ಎಂದರೆ ಆಡಿಯೋ ಇಂಟರ್‌ಫೇಸಿನಲ್ಲಿ. ತಂತ್ರಾಂಶವು ಬಂದ ಸಂಖ್ಯೆಗಳನ್ನು ಜೋಪಾನವಾಗಿಟ್ಟು ಕೂಡಿಸಿ ಕಳೆಯುತ್ತದೆ, ಅಷ್ಟೆ. ಆದುದರಿಂದ ದುಬಾರಿ ತಂತ್ರಾಂಶದಲ್ಲಿ ಮುದ್ರಿಸಿದ ಮಾತ್ರಕ್ಕೆ ಕಂಠ ಇಂಪಾಗುವುದೆಂಬುದು ಬರಿಯ ಭ್ರಮೆ. ಗಾಂಧಿ ಬಜಾರಿನ ವಾಹನಗಳ ಸದ್ದನ್ನಾಗಲಿ, ಹಳೆಯ ಮನೆಯ ಕೆಂಪು ಗಾರೆ ನೆಲದಿಂದ ಪುಟಿಯುವ ಪ್ರತಿಧ್ವನಿಯನ್ನಾಗಲಿ ಅದು ಪೂರ್ತಿಯಾಗಿ ಅಳಿಸಲಾರದು. ಅದಕ್ಕೆ ಒಂದು ದಪ್ಪ ಜಮಖಾನೆಯೇ ಒಳ್ಳೆಯ ಮದ್ದು.

ಹಾಗಾದರೆ ತಂತ್ರಾಂಶಗಳಲ್ಲಿ ಭೇದವೆಲ್ಲಿ? ಕೆಲಸದ ಕ್ರಮದಲ್ಲಿ. ಏಬಲ್‌ಟನ್ ಲೈವ್, ಎಫ್‌ಎಲ್ ಸ್ಟುಡಿಯೋ ಮೊದಲಾದವು ಸಣ್ಣಸಣ್ಣ ತುಣುಕುಗಳನ್ನು ಮತ್ತೆಮತ್ತೆ ಆವರ್ತಿಸಿ, ಒಂದರ ಮೇಲೊಂದನ್ನು ಪೇರಿಸಿ ಹಾಡು ಕಟ್ಟುವವರಿಗೆ ಬಹಳ ಅನುಕೂಲ. ಚಲನಚಿತ್ರಗೀತೆಯ ಬಗೆಯ ರಚನೆಗೆ, ತಾಳವಾದ್ಯಗಳ ಜೋಡಣೆಗೆ ಇವು ಹೇಳಿಮಾಡಿಸಿದಂತಿವೆ. ರೀಪರ್, ಆರ್ಡರ್ ಮೊದಲಾದವು ಹೆಚ್ಚಾಗಿ ಹಳೆಯ ಟೇಪಿನ ಕ್ರಮವನ್ನು ಅನುಸರಿಸುತ್ತವೆ: ಮೊದಲಿನಿಂದ ಕೊನೆಯವರೆಗೆ ಹಾಡಿದ್ದನ್ನು ಮುದ್ರಿಸಿ, ಆಮೇಲೆ ಕತ್ತರಿಸಿ ಜೋಡಿಸುವುದು. ಆಲಾಪನೆಗೆ ತಾಳದ ಕಟ್ಟಿಲ್ಲ. ನಿಮಿಷಕ್ಕೆ 120 ಪೆಟ್ಟು, ನಾಲ್ಕರ ಎಣಿಕೆ ಎಂಬ ಗೆರೆಗಳ ಮೇಲೆ ಅದನ್ನು ಕೂರಿಸಹೊರಟರೆ ತೊಡಕೇ ಹೆಚ್ಚು. ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಎರಡನೆಯ ಬಗೆಯೇ ಮೇಲೆಂದು ನಮ್ಮ ಅಭಿಪ್ರಾಯ.

ಗಮಕದ ಮಾತನ್ನು ಇಲ್ಲಿ ವಿವರವಾಗಿ ಹೇಳಬೇಕು. ಶ್ರುತಿ ತಿದ್ದುವ ಉಪಕರಣಗಳು ಇಂದು ಅನೇಕ ತಂತ್ರಾಂಶಗಳ ಜೊತೆಗೇ ಬರುತ್ತವೆ. ಅವು ಸ್ಥಾಯಿಯನ್ನು 12 ಸಮಭಾಗಗಳನ್ನಾಗಿ ಮಾಡಿ, ಹಾಡಿದ ಸ್ವರವನ್ನು ಅತ್ಯಂತ ಹತ್ತಿರದ ಮೆಟ್ಟಿಲಿಗೆ ಎಳೆದು ನಿಲ್ಲಿಸುತ್ತವೆ. ತೋಡಿ ರಾಗದ ಗಾಂಧಾರವಾದರೋ ನಿಲ್ಲುವ ಸ್ವರವೇ ಅಲ್ಲ. ಅಕ್ಕಪಕ್ಕದ ಸ್ಥಾನಗಳ ನಡುವೆ ತೂಗುವುದೇ ಅದರ ಜೀವ. ಅದನ್ನು ಎಳೆದು ನಿಲ್ಲಿಸಿದರೆ ತೂಗುಯ್ಯಾಲೆ ಏಣಿಯಾದಂತಾಗುತ್ತದೆ. ಆದುದರಿಂದ ಈ ಉಪಕರಣಕ್ಕಾಗಿಯೇ ಹೆಚ್ಚು ಹಣ ಕೊಡುವುದು ನಮ್ಮ ಸಂಗೀತದ ಮಟ್ಟಿಗೆ ವ್ಯರ್ಥ.

ಸಿದ್ಧ ಮೃದಂಗದ ತುಣುಕುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮುಂದೆ ಮಲ್ಲೇಶ್ವರದಲ್ಲಿ ಮನೆ ಮಾಡಿದ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಶಿವಕಾಳಿ ಕುಮಾರರೊಡನೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಸಾಮಾನ್ಯ ಚರ್ಮವಾದ್ಯಗಳಂತಲ್ಲದೆ, ನಮ್ಮ ಮೃದಂಗದಂಥ ವಾದ್ಯಗಳ ಮೇಲ್‌ಸ್ವರಗಳು ಮೂಲಸ್ವರದ ಪೂರ್ಣಾಂಕ ಗುಣಕಗಳಿಗೆ ಹೊಂದಿಕೊಂಡಿರುತ್ತವೆಂದು ಅದು ತಿಳಿಸಿತು. ಬಲಮುಖದ ನಡುವಣ ಕಪ್ಪು ಕರಣೆಯ ಭಾರವೇ ಇದಕ್ಕೆ ಕಾರಣ. ಆದುದರಿಂದಲೇ ಮೃದಂಗಕ್ಕೆ ಸ್ಪಷ್ಟ ಶ್ರುತಿಯುಂಟು. ಬೇರೆ ಶ್ರುತಿಯ ತುಣುಕನ್ನು ಹಾಡಿಗೆ ಅಂಟಿಸಿದರೆ ಕಿವಿ ಒಪ್ಪದು.

ಇನ್ನು ವಿಳಂಬ. ತಂತ್ರಾಂಶವು ಸಂಖ್ಯೆಗಳನ್ನು ಕಂತುಕಂತಾಗಿ ತೆಗೆದುಕೊಳ್ಳುತ್ತದೆ. ಕಂತಿಗೆ 256 ಅಳತೆಗಳಾದರೆ ಒಳಬರುವಾಗ 5.8, ಹೊರಹೋಗುವಾಗ 5.8, ಒಟ್ಟು ಸುಮಾರು 11.6 ಮಿಲಿಸೆಕೆಂಡು ತಡವಾಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎಂದರೆ ನಾಲ್ಕು ಮೀಟರ್ ದೂರದಲ್ಲಿ ಕುಳಿತವರ ಹಾಡನ್ನು ಕೇಳಿದಂತೆ, ಇದು ಸಹ್ಯ. ಕಂತಿಗೆ 1024 ಆದರೆ ದೂರ 16 ಮೀಟರಿಗೆ ಸಮ. ಆಗ ಹೆಡ್‌ಫೋನಿನಲ್ಲಿ ತನ್ನ ಹಾಡು ತನಗೇ ಹಿಂದುಳಿದು ಕೇಳಿಸಿ ಕಲ್ಪನಾಸ್ವರ ತಡವರಿಸುತ್ತದೆ. ಕಂತನ್ನು ಚಿಕ್ಕದು ಮಾಡಿದರೆ ಹಳೆಯ ಲ್ಯಾಪ್‌ಟಾಪು ದಣಿದು ಚಟಚಟ ಸದ್ದು ಮಾಡುತ್ತದೆ. ಗಣಕಯಂತ್ರಕ್ಕೆ ಹೋಗದೆಯೇ ಕಂಠವನ್ನು ನೇರವಾಗಿ ಕೇಳಿಸುವ ಗುಂಡಿ ಅನೇಕ ಇಂಟರ್‌ಫೇಸುಗಳಲ್ಲಿರುತ್ತದೆ. ಕೊಳ್ಳುವಾಗ ಅದನ್ನು ವಿಚಾರಿಸಬೇಕು; ತಂತ್ರಾಂಶ ಬದಲಾಯಿಸುವುದಕ್ಕಿಂತ ಇದು ಲೇಸು.

ಹಣದ ಲೆಕ್ಕಕ್ಕೆ ಬರೋಣ. ಬೆಲೆಯಿಲ್ಲದ ಆಡಾಸಿಟಿಯಲ್ಲಿ ಪಾಠಾಂತರವನ್ನು ಮುದ್ರಿಸಿ ಕತ್ತರಿಸುವುದು ಸುಲಭ. ಕೀಬೋರ್ಡಿನಿಂದ ಮಿಡಿ ಸ್ವರಗಳನ್ನು ಮುದ್ರಿಸಿಕೊಳ್ಳಲು ಅದು ಒದಗದು. ಆಪಲ್ ಗಣಕಯಂತ್ರವಿದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆಯಾಗಿಯೇ ದೊರೆಯುತ್ತದೆ. ರೀಪರನ್ನು 60 ದಿನ ಹಣ ಕೊಡದೆ ಪರೀಕ್ಷಿಸಬಹುದು. ಅನಂತರ ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್. ಎಫ್‌ಎಲ್ ಸ್ಟುಡಿಯೋವನ್ನು ಒಮ್ಮೆ ಕೊಂಡವರಿಗೆ ಮುಂದಿನ ಪರಿಷ್ಕರಣಗಳು ಉಚಿತ. ತಿಂಗಳ ಬಾಡಿಗೆಯವು ಮೊದಲು ಅಗ್ಗವಾಗಿ ಕಂಡರೂ, ಮೂರು ವರ್ಷದ ಪದವಿಯ ಅವಧಿಗೆ 36 ಕಂತುಗಳೆಂಬುದನ್ನು ಗುಣಿಸಿ ನೋಡಬೇಕು. ಕಳ್ಳಪ್ರತಿಯ ಮಾತು ಬೇಡವೇ ಬೇಡ. ಅವುಗಳೊಡನೆ ಬರುವ ವೈರಸ್ಸು ಮನೆಯ ಏಕೈಕ ಗಣಕಯಂತ್ರವನ್ನೇ ನುಂಗೀತು. ಬಜೆಟ್ಟು ಹತ್ತು ಸಾವಿರ ರೂಪಾಯಿಯಾದರೆ ಅದರ ಬಹುಭಾಗವನ್ನು ಮೈಕು, ಇಂಟರ್‌ಫೇಸುಗಳಿಗೇ ಇಡುವುದು ಯುಕ್ತ.

ಆರಿಸುವ ಮುನ್ನ ಒಂದು ಇಡೀ ಕೀರ್ತನೆಯನ್ನು, ಬರಿಯ ಪಲ್ಲವಿಯನ್ನಲ್ಲ, ಎರಡು ತಂತ್ರಾಂಶಗಳಲ್ಲಿ ಮುದ್ರಿಸಿ ಮುಗಿಸಿ ನೋಡಬೇಕು. ಮುಗಿದ ಮೇಲೆ ಪ್ರತಿಯೊಂದು ಟ್ರ್ಯಾಕನ್ನೂ ಒಂದೇ ಆರಂಭಬಿಂದುವಿನಿಂದ ವೇವ್ ಕಡತವಾಗಿ ಬೇರೆ ಡಿಸ್ಕಿನಲ್ಲಿಡಬೇಕು. ಹಾಗೆ ಇಟ್ಟವುಗಳನ್ನು ಮುಂದೆ ಯಾವ ತಂತ್ರಾಂಶ ಕೊಂಡರೂ ಅದರಲ್ಲಿ ತೆರೆದು ಕೂಡಿಸಿಕೊಳ್ಳಬಹುದು.