ಮಗುವಿನ ಬುದ್ಧಿಗೆ ಅಳತೆಗೋಲು

"ನಮ್ಮ ಹುಡುಗನಿಗೆ ವಿದ್ಯೆ ತಲೆಗೆ ಹತ್ತುವುದಿಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಹೊರಡುತ್ತದೆಂಬುದನ್ನು ವಾಚಕರು ಬಲ್ಲರು. ಬಂದ ನೆಂಟರ ಎದುರಿಗೆ, ಆ ಹುಡುಗನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿರುವಾಗಲೇ, ಹಾಗೆ ಆಡಿಬಿಡುತ್ತೇವೆ. ಶಿಕ್ಷಣ ಮನಃಶಾಸ್ತ್ರವು ಈ ಒಂದು ಮಾತಿನ ವಿಷಯವಾಗಿ ಗೃಹಸ್ಥರಿಗೆ ಹೇಳಬೇಕಾದುದು ಬಹಳವುಂಟು.

ಸಾಮಾನ್ಯ ಪಾಠಕ್ರಮದಿಂದ ಪ್ರಯೋಜನ ಪಡೆಯಲಾರದ ಮಕ್ಕಳ ಸ್ಥಿತಿಯನ್ನು ವಿಚಾರಿಸಲು 1904ರಲ್ಲಿ ಫ್ರಾನ್ಸ್ ದೇಶದ ಸರಕಾರವು ಒಂದು ಸಮಿತಿಯನ್ನು ನೇಮಿಸಿತು. ಅದರ ಸದಸ್ಯನಾಗಿದ್ದ ಆಲ್‌ಫ್ರೆಡ್ ಬಿನೆ ಎಂಬ ಪಂಡಿತನು, ಸಿಮೋನ್ ಎಂಬ ವೈದ್ಯನೊಡಗೂಡಿ, 1905ರಲ್ಲಿ 30 ಅಂಶಗಳುಳ್ಳ ಬುದ್ಧಿಪರೀಕ್ಷೆಯೊಂದನ್ನು ರಚಿಸಿದನು. ಯಾವ ಮಗುವಿಗೆ ವಿಶೇಷ ನೆರವು ಬೇಕೆಂಬುದನ್ನು ತಿಳಿಯುವುದೇ ಅದರ ಉದ್ದೇಶ. ಬುದ್ಧಿಯು ಹೆಚ್ಚಿಸಲಾಗದ ವಸ್ತುವೆಂಬ ಮತವನ್ನು ಬಿನೆ 1909ರ ತನ್ನ ಗ್ರಂಥದಲ್ಲಿ ಬಲವಾಗಿ ಖಂಡಿಸಿದನು. ಹಿಂದುಳಿದ ಮಕ್ಕಳ ಗಮನಶಕ್ತಿ ಬೆಳೆಯಲೆಂದು, ಸಂಜ್ಞೆಯಾದೊಡನೆ ಬೊಂಬೆಗಳಂತೆ ಅಲುಗದೆ ನಿಲ್ಲುವ ಆಟವನ್ನು ಆಡಿಸುವುದನ್ನು ಆತನು ಮೆಚ್ಚಿದ್ದನು. ನಮ್ಮ ಕೇರಿಯ ಮಕ್ಕಳೂ ಆಡುವ ಆಟವೇ ಅದು!

ಆದರೆ ಈ ಪರೀಕ್ಷೆಯು ಸಮುದ್ರ ದಾಟಿ ಅಮೆರಿಕೆಗೆ ಹೋದಾಗ ಅದರ ಗುಣವೇ ಬೇರೆಯಾಯಿತು. 1916ರಲ್ಲಿ ಟರ್ಮನ್ ಎಂಬವನು ಅದನ್ನು ಪರಿಷ್ಕರಿಸಿದನು. ಬಂದ ಅಂಕವು ಮಗುವಿನ ಹಣೆಬರಹವೆಂಬ ಭಾವನೆ ಅಲ್ಲಿ ಬೇರೂರಿತು. ಆ ಪರಂಪರೆಯನ್ನೇ ಅನುಸರಿಸಿ ನಮ್ಮವರಾದ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ಪರೀಕ್ಷೆಯನ್ನು ಸಿದ್ಧಪಡಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಅದು ಇಂದಿಗೂ ಬಳಕೆಯಲ್ಲಿದೆ. ಅದರ ಅಂಕವನ್ನು ಕಂಡು ಮಗುವಿಗೆ ಹೆಸರಿಡುವುದೋ, ಮಗುವಿಗೆ ಬೇಕಾದ ನೆರವನ್ನು ಹುಡುಕುವುದೋ? ಎರಡನೆಯದೇ ಮೂಲಪುರುಷನ ಇಚ್ಛೆಯೆಂಬುದನ್ನು ಪಾಲಕರು ಮರೆಯಲಾಗದು.

ದಡ್ಡನೆನ್ನುವುದು ತಪ್ಪಾದರೆ ಜಾಣನೆನ್ನೋಣವೆ? ಅದೂ ನಿರಪಾಯವಲ್ಲ. ಮ್ಯೂಲರ್ ಮತ್ತು ಡ್ವೆಕ್ ಎಂಬ ವಿದುಷಿಯರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, "ನೀನು ಬುದ್ಧಿವಂತ" ಎಂದು ಹೊಗಳಿಸಿಕೊಂಡ ಮಕ್ಕಳು ಕಠಿಣ ಸಮಸ್ಯೆಯೆದುರಾದೊಡನೆ ಬೇಗ ಎದೆಗುಂದಿದರು. ತಮಗೆ ಬಂದ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲಿಯೇ ಹೆಚ್ಚು. ಶ್ರಮವನ್ನು ಮೆಚ್ಚಿಸಿಕೊಂಡವರು ಬಿಡದೆ ಯತ್ನಿಸಿದರು. ಹೊಗಳಿಕೆಯೊಂದರಿಂದಲೇ ಸರ್ವವೂ ಸರಿಹೋಗದು, ನಿಜ. ಮಾತಿನ ಪರಿಣಾಮವನ್ನು ಅತಿಯಾಗಿ ಎಣಿಸುವವರೂ ಇದ್ದಾರೆ. ಆದರೂ ಮನೆಯಲ್ಲಿ ಪರೀಕ್ಷಿಸಿ ನೋಡಲು ಕಾಸಿನ ಖರ್ಚಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ಶಾಲೆಯಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಣ್ಣನ ಅಂಕಪಟ್ಟಿಯನ್ನು ತಂದು ತಮ್ಮನ ಮುಂದೆ ಹಿಡಿಯುವ ತಂದೆಯನ್ನು ಈ ವಿಧಿಯು ಮುಟ್ಟದು. ಅಲ್ಲಿ ತಾನೇ ತನಗೆ ಕಾಯಿದೆಯಾಗಬೇಕು.

ಹೀಗಿರಲು, ಓದಿನಲ್ಲಿ ಹಿಂದುಳಿದ ಮಗುವನ್ನು ಗದರಿಸುವುದಕ್ಕೆ ಮುನ್ನ ಅದರ ಕಣ್ಣನ್ನೂ ಕಿವಿಯನ್ನೂ ಪರೀಕ್ಷೆ ಮಾಡಿಸಿರಿ. ಮಾತಿನಲ್ಲಿ ಚುರುಕಾಗಿದ್ದು ಅಕ್ಷರಗಳಲ್ಲಿ ಮಾತ್ರ ತಡವರಿಸುವ ಮಗುವಿಗೆ ಕಲಿಕಾ ನ್ಯೂನತೆಯಿರಬಹುದು. 2016ರ ಕೇಂದ್ರ ಶಾಸನವು ಇದನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಶಾಲೆಯ ಹೊತ್ತಿಗೆ ಸರಿಯಾಗಿ ದಿನವೂ ಬರುವ ಹೊಟ್ಟೆನೋವು ಸೋಗೆಂದು ತಿಳಿಯಬೇಡಿರಿ. ಹೆದರಿಕೆಯು ಹೊಟ್ಟೆಯಲ್ಲಿ ನಿಜವಾಗಿಯೇ ನೋವಾಗಿ ಕಾಣಿಸಿಕೊಳ್ಳುವುದುಂಟು. ನಿದ್ದೆಗೆಟ್ಟು, ಊಟ ಬಿಟ್ಟು, ತಾನಿದ್ದು ಫಲವೇನೆಂದು ಮಗುವು ಆಡತೊಡಗಿದರೆ ಪರೀಕ್ಷೆ ಮುಗಿಯಲೆಂದು ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಫೋನು ಮಾಡಬಹುದು. ಕನ್ನಡದಲ್ಲಿಯೇ ಮಾತನಾಡುವವರು ಅಲ್ಲಿ ದೊರೆಯುತ್ತಾರೆ.