ಅಲಂಕಾರದ ಮರ ಕೈಗಾರಿಕೆಗೆ ಒದಗುವುದೇ? ಪರೀಕ್ಷಿಸುವ ಕ್ರಮ

ಹಿರೀಸಾವೆಯ ಸುತ್ತಮುತ್ತ ತೆಂಗಿನ ತೋಟದ ಅಂಚಿನಲ್ಲಿ, ಮನೆಯ ಮುಂದೆ, ಹೊಲದ ಬದುವಿನಲ್ಲಿ ನೆರಳು ಹಾಗೂ ಹೂವಿಗಾಗಿ ಬೆಳೆಸಿದ ಮರಗಳನ್ನು ಕಣ್ಣಂದಾಜಿನ ಮೇಲೆ ಸೌದೆಯ ಬೆಲೆಗೆ ಮಾರುವ ರೂಢಿಯುಂಟು. ಇದು ಲಾಭದಾಯಕವಲ್ಲ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರವನ್ನು ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಬೆಳೆಸಿದ್ದು ನೆರಳಿಗಾಗಿ. ಇಂದು ಅದನ್ನು ಪ್ಲೈವುಡ್ ಕಾರ್ಖಾನೆಗಳು ಕೊಳ್ಳುತ್ತವೆ. ಆದ್ದರಿಂದ ಮಾರುವ ಮುನ್ನ ಮರದ ಗುಣವನ್ನು ಪರೀಕ್ಷಿಸುವುದು ಅವಶ್ಯ.

ಗಾತ್ರದ ಲೆಕ್ಕ

ದಿಮ್ಮಿಯ ನಡುಭಾಗದ ಸುತ್ತಳತೆಯನ್ನು 4ರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಬಳಿಕ ಉದ್ದದಿಂದ ಗುಣಿಸಬೇಕು. ಸುತ್ತಳತೆ 120 ಸೆಂ.ಮೀ., ಉದ್ದ 3 ಮೀಟರ್ ಇದ್ದರೆ 0.30 × 0.30 × 3 = 0.27 ಘನ ಮೀಟರ್, ಅಂದರೆ ಸುಮಾರು ಒಂಬತ್ತೂವರೆ ಘನ ಅಡಿ. ಆದರೆ ಈ ದುಂಡು ದಿಮ್ಮಿಯಲ್ಲಿ ನಿಜವಾಗಿ ಇರುವ ಮರ ಸುಮಾರು 0.34 ಘನ ಮೀಟರ್. ಈ ಲೆಕ್ಕದಲ್ಲಿ ನೂರಕ್ಕೆ 21ಕ್ಕೂ ಹೆಚ್ಚು ಭಾಗ ಬಿಟ್ಟುಹೋಗುತ್ತದೆ. ಬೆಲೆ ಯಾವ ಲೆಕ್ಕದ ಮೇಲೆ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ.

ಸಾಂದ್ರತೆ ಮತ್ತು ತೇವಾಂಶ

ಕಡಿದ ಮರದ ಕಾಂಡದಿಂದ (ಕೊಂಬೆಯಿಂದಲ್ಲ) 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಹಸಿ ತುಂಡನ್ನು ಕೊಯ್ದು ತೂಗಿರಿ. ಅದರ ಗಾತ್ರ 250 ಘನ ಸೆಂ.ಮೀ. ಪ್ರಯೋಗಾಲಯದಲ್ಲಿ ಇದನ್ನು ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತಾರೆ. ಹಸಿ ತೂಕ 208 ಗ್ರಾಂ, ಒಣ ತೂಕ 130 ಗ್ರಾಂ ಆದರೆ ಸಾಂದ್ರತೆ 130 ÷ 250 = 0.52. ಹೋದ ನೀರು 78 ಗ್ರಾಂ. ಒಣ ತೂಕದ ಮೇಲೆ ತೇವಾಂಶ ಶೇಕಡ 60. ಟನ್ನಿನ ಲೆಕ್ಕದಲ್ಲಿ ಮಾರುವವರು ಇದನ್ನು ಗಮನಿಸಬೇಕು: ಕಡಿದ ಮರವನ್ನು ಬಿಸಿಲಿನಲ್ಲಿ ಬಿಟ್ಟಷ್ಟೂ ತೂಕ ಇಳಿಯುತ್ತದೆ.

ಯಾವ ಮರ ಯಾವುದಕ್ಕೆ?

ಸಿಲ್ವರ್ ಓಕ್: ನೆಟ್ಟಗೆ ಬೆಳೆಯುತ್ತದೆ. ಗಂಟಿಲ್ಲದ ದುಂಡು ದಿಮ್ಮಿ ಪ್ಲೈವುಡ್ಡಿಗೆ, ಉಳಿದದ್ದು ಪೆಟ್ಟಿಗೆಗಳಿಗೆ.

ಮಳೆಮರ: ಕಂದು ಬಣ್ಣದ ಚೇಗು ಪೀಠೋಪಕರಣಕ್ಕೂ ಕೆತ್ತನೆಗೂ ಒಳ್ಳೆಯದು. ಎಳೆಗಳು ಹೆಣೆದುಕೊಂಡಿರುವುದರಿಂದ ಉಜ್ಜುಗೊರಡು ಹಿಡಿಯುವುದು ಕಷ್ಟ. ಹೊರಭಾಗದ ಬಿಳಿಮರಕ್ಕೆ ಹುಳು ಬೀಳುತ್ತದೆ.

ಜಕರಂಡ: ಕೆತ್ತನೆಗೆ, ಕಡೆಯುವ ಕೆಲಸಕ್ಕೆ ಸೂಕ್ತ.

ಗುಲ್‌ಮೊಹರ್: ಬಾಳಿಕೆ ಕಡಿಮೆ, ಹುಳು ಬೇಗ ತಗಲುತ್ತದೆ. ಹೆಚ್ಚಾಗಿ ಸೌದೆಗೇ ಸರಿ.

ಮಾರುವವರಿಗೆ ಸೂಚನೆಗಳು

1. ಪ್ಲೈವುಡ್ಡಿಗೆ ಹೋಗುವ ದಿಮ್ಮಿಗಳನ್ನು ಬೇಗನೆ ಸಾಗಿಸಿ. ತುದಿಗಳು ಸೀಳದಂತೆ ತಾರು ಅಥವಾ ಬಣ್ಣ ಬಳಿಯಿರಿ.

2. ಬೇಗ ಹುಳು ಹಿಡಿಯುವ ಮರದ ಹಲಗೆಗಳನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಉಪಚರಿಸಿ ನೆರಳಿನಲ್ಲಿ ಒಣಗಿಸಿ. ಮಳೆಗೆ ಒಡ್ಡಿದರೆ ಔಷಧಿ ತೊಳೆದುಹೋಗುತ್ತದೆ.

3. ರಸ್ತೆ ಬದಿಯ ಸಾಲುಮರ ನಿಮ್ಮದಲ್ಲ. ಸ್ವಂತ ಜಮೀನಿನ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಉಳಿದವನ್ನು ಕಡಿಯುವ ಮುನ್ನ ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸಿ.

4. ಹೆಚ್ಚು ಮರಗಳಿದ್ದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮಾದರಿಯ ಪರೀಕ್ಷೆ ಮಾಡಿಸುವುದು ಲೇಸು.

ಒಂದು ಅಳತೆ ಟೇಪು, ಒಂದು ತಕ್ಕಡಿ ಇದ್ದರೆ ಈ ಪರೀಕ್ಷೆಗಳ ಬಹುಭಾಗ ಮನೆಯಲ್ಲೇ ಸಾಧ್ಯ. ಇಪ್ಪತ್ತು ವರ್ಷ ಬೆಳೆದ ಮರವನ್ನು ಮಾರುವ ಮುನ್ನ ಅರ್ಧ ದಿನ ಅಳೆಯಲು ಮೀಸಲಿಡುವುದು ಜಾಣತನ.